ಹಳೆಯ ವಾಹನದ ಎ.ಸಿ. ಸೋರಿಕೆ: ಪ್ರತಿ ಬೇಸಿಗೆಯೂ ಮರುಕಳಿಸುವ ಖರ್ಚು

ಶಿವರಾತ್ರಿ ಕಳೆದೊಡನೆ ಚಳಿಯು ‘ಶಿವಶಿವಾ’ ಎನ್ನುತ್ತ ಹೊರಟುಹೋಗುತ್ತದೆ ಎಂಬ ಮಾತು ಮಲೆನಾಡಿನ ಅಂಚಿನಲ್ಲಿರುವ ಶಿರಾಳಕೊಪ್ಪಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಮಾರ್ಚ್ ತಿಂಗಳ ನಡುವಿಗೆ ಬರುವಷ್ಟರಲ್ಲಿ ಇಲ್ಲಿನ ಹಗಲು ಬಯಲುಸೀಮೆಯ ಹಗಲನ್ನು ನೆನಪಿಸತೊಡಗುತ್ತದೆ. ಶಿಕಾರಿಪುರ, ಸೊರಬ, ಆನವಟ್ಟಿ, ಹಿರೇಕೆರೂರುಗಳ ಕಡೆಯ ರಸ್ತೆಗಳು ಬಂದು ಕೂಡುವ ಈ ಪಟ್ಟಣದ ವರ್ತಕರಿಗೆ ಮನೆಯಲ್ಲಿ ಕುಳಿತು ವ್ಯಾಪಾರವಿಲ್ಲ. ಮೆಕ್ಕೆಜೋಳ, ಶುಂಠಿ, ಅಡಿಕೆ ಯಾವುದೇ ಇರಲಿ, ಹೊಲ ತೋಟಗಳಿಗೆ ಹೋಗಿ ಮಾಲು ನೋಡಬೇಕು. ತೆರಿಗೆ, ಬ್ಯಾಂಕುಗಳ ಕೆಲಸಕ್ಕೆ ಸುಮಾರು 70 ಕಿ.ಮೀ. ದೂರದ ಶಿವಮೊಗ್ಗಕ್ಕೆ, ಮಾರುಕಟ್ಟೆಯ ಕೆಲಸಕ್ಕೆ ಹಾವೇರಿ, ಹುಬ್ಬಳ್ಳಿಗಳಿಗೆ ತಿರುಗಬೇಕು. ಈ ತಿರುಗಾಟಕ್ಕೆ ಒದಗುವುದು ಬಹುಮಟ್ಟಿಗೆ ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡ, ಇಲ್ಲವೇ ಎರಡನೆಯ ಕೈಯಿಂದ ಬಂದ ವಾಹನ. ಮಳೆಗಾಲ, ಚಳಿಗಾಲವೆಲ್ಲ ಮುಟ್ಟದೆ ಬಿಟ್ಟಿದ್ದ ಎ.ಸಿ. ಗುಂಡಿಯನ್ನು ಒಂದು ಮಧ್ಯಾಹ್ನ ಒತ್ತಿದಾಗ ಬರುವುದು ಬಿಸಿಗಾಳಿ.

ಗ್ಯಾರೇಜಿನಲ್ಲಿ ದೊರೆಯುವ ಉತ್ತರ ಸಿದ್ಧವಾಗಿರುತ್ತದೆ: ಗ್ಯಾಸ್ ಖಾಲಿಯಾಗಿದೆ, ತುಂಬಿಸಿದರೆ ಸರಿಹೋಗುತ್ತದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ತಂಪುಗಾಳಿ ಬರುತ್ತದೆ, ವರ್ತಕನು ಹಣ ಕೊಟ್ಟು ಹೊರಡುತ್ತಾನೆ. ಮುಂದಿನ ಬೇಸಿಗೆಗೆ, ಕೆಲವೊಮ್ಮೆ ಅದೇ ಬೇಸಿಗೆಯ ಮೇ ತಿಂಗಳಿಗೆ, ಪುನಃ ಅದೇ ಗ್ಯಾರೇಜು, ಅದೇ ಉತ್ತರ. ತೂತು ಕೊಡಕ್ಕೆ ನೀರು ತುಂಬುವ ಈ ವ್ಯವಹಾರವನ್ನು ತನ್ನ ಅಂಗಡಿಯ ಲೆಕ್ಕದಲ್ಲಿ ಒಂದು ತಿಂಗಳೂ ಸಹಿಸದ ವ್ಯಾಪಾರಿಯು ವಾಹನದ ವಿಷಯದಲ್ಲಿ ಮಾತ್ರ ವರ್ಷಗಟ್ಟಲೆ ಸಹಿಸಿಕೊಂಡು ಬರುವುದು ವಿಚಿತ್ರವೇ ಸರಿ.

ಗ್ಯಾಸ್ ಖರ್ಚಾಗುವ ವಸ್ತುವಲ್ಲ

ಡೀಸೆಲ್ ಉರಿದು ಹೋಗುತ್ತದೆ. ಎಂಜಿನ್ ಆಯಿಲ್ ಕೆಟ್ಟು ಹೋಗುತ್ತದೆ. ಎ.ಸಿ. ಗ್ಯಾಸಿನ ಸ್ವಭಾವ ಹಾಗಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುವ ವಸ್ತು. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದೆ ಇರುವ ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಡ್ರೈಯರ್ ಬಾಟಲಿಯ ಮೂಲಕ ಹಾದು, ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ರಂಧ್ರದಿಂದ ಹೊರಬೀಳುವಾಗ ಒತ್ತಡ ಕಳೆದುಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲಿನಲ್ಲಿ ಕುದಿದು ಆವಿಯಾಗುತ್ತ ಒಳಗಿನ ಗಾಳಿಯ ಶಾಖವನ್ನು ಹೀರಿ, ಮರಳಿ ಕಂಪ್ರೆಸರಿಗೆ ಬರುತ್ತದೆ. ಇಂದಿನ ಹಳೆಯ ವಾಹನಗಳ ಬಹುಪಾಲಿನಲ್ಲಿರುವ ಆರ್-134ಎ ಎಂಬ ಗ್ಯಾಸ್ ವಾತಾವರಣದ ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುವುದರಿಂದ ಈ ಕೆಲಸ ಸಾಧ್ಯವಾಗಿದೆ. ಈ ಸುತ್ತಿನಲ್ಲಿ ಎಲ್ಲಿಯೂ ಅದು ವ್ಯಯವಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಹೊರಗೆ ಹೋಗಿದೆ ಎಂದೇ ಅರ್ಥ.

ಹಾಗೆಂದು ಒಂದು ಗ್ರಾಮೂ ಹೊರಗೆ ಹೋಗದಂತಹ ವಾಹನವೂ ಇಲ್ಲ. ರಬ್ಬರ್ ಹೋಸುಗಳ ಮೈಯಿಂದ, ಕಂಪ್ರೆಸರಿನ ತಿರುಗುವ ದಂಡದ ಸೀಲಿನಿಂದ ಅತ್ಯಲ್ಪ ಪ್ರಮಾಣ ಸದಾ ಜಿನುಗುತ್ತದೆ. ಯುರೋಪಿನ ಒಕ್ಕೂಟವು 2006ರಲ್ಲಿ ಹೊರಡಿಸಿದ ನಿರ್ದೇಶನವು ಈ ಬಗೆಯ ಗ್ಯಾಸಿನ ಹೊಸ ವಾಹನಗಳಿಗೆ ವರ್ಷಕ್ಕೆ 40 ಗ್ರಾಂ, ಹಿಂಬದಿಗೂ ಪ್ರತ್ಯೇಕ ಕೂಲಿಂಗ್ ಕಾಯಿಲ್ ಇರುವ ವಾಹನಗಳಿಗೆ 60 ಗ್ರಾಂ ಸೋರಿಕೆಯ ಮಿತಿಯನ್ನು ಗೊತ್ತುಪಡಿಸಿತು. ಸಣ್ಣ ಕಾರಿನಲ್ಲಿ ಒಟ್ಟು ಇರುವ ಗ್ಯಾಸ್ ಅರ್ಧ ಕಿಲೋ ಆಸುಪಾಸು. ಆದುದರಿಂದ ನಾಲ್ಕಾರು ವರ್ಷಕ್ಕೊಮ್ಮೆ ಗ್ಯಾಸ್ ಕಡಿಮೆಯಾದರೆ ಅದನ್ನು ವಯೋಸಹಜ ಎನ್ನಬಹುದು. ಪ್ರತಿ ವರ್ಷ ತುಂಬಿಸಬೇಕಾಗಿ ಬಂದರೆ ಎಲ್ಲಿಯೋ ನಿಶ್ಚಿತವಾದ ತೂತಿದೆ. ಒಂದೇ ವಾರದಲ್ಲಿ ಹೋದರೆ ಆ ತೂತು ಕಣ್ಣಿಗೆ ಕಾಣುವಷ್ಟು ದೊಡ್ಡದಿರುವ ಸಂಭವವೇ ಹೆಚ್ಚು, ಮತ್ತು ಅದು ಒಂದು ರೀತಿಯಲ್ಲಿ ಅನುಕೂಲವೇ, ಬೇಗ ಸಿಕ್ಕಿಬೀಳುತ್ತದೆ.

ಗ್ಯಾಸ್ ಒಂದೇ ಹೋಗುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಕಂಪ್ರೆಸರಿಗೆ ಬೇಕಾದ ಎಣ್ಣೆಯು ಗ್ಯಾಸಿನೊಡನೆ ಬೆರೆತೇ ಸುತ್ತುತ್ತಿರುತ್ತದೆ. ಸೋರುವಾಗ ಎಣ್ಣೆಯೂ ಸ್ವಲ್ಪ ಸ್ವಲ್ಪವಾಗಿ ಹೊರಬೀಳುತ್ತದೆ. ಉಳಿದ ಎಣ್ಣೆಯನ್ನು ಹೊತ್ತು ತಂದು ಕಂಪ್ರೆಸರಿಗೆ ತಲುಪಿಸಲು ಸಾಕಷ್ಟು ಗ್ಯಾಸ್ ಇರುವುದಿಲ್ಲ. ಹೀಗೆ ಎರಡು ಮೂರು ಬೇಸಿಗೆ ಅರೆಬರೆ ಗ್ಯಾಸಿನಲ್ಲಿ ಓಡಿದ ಕಂಪ್ರೆಸರ್ ಒಂದು ದಿನ ಸೀಜ್ ಆಗುತ್ತದೆ. ಅದು ಸವೆದು ಉದುರಿಸಿದ ಲೋಹದ ಪುಡಿ ಕಂಡೆನ್ಸರಿನ ಸಣ್ಣ ನಾಳಗಳಲ್ಲಿ ಸೇರಿಕೊಂಡರೆ ಕಂಪ್ರೆಸರ್ ಒಂದನ್ನೇ ಬದಲಾಯಿಸಿ ಪ್ರಯೋಜನವಿಲ್ಲ. ಕಂಡೆನ್ಸರ್, ಡ್ರೈಯರ್ ಬಾಟಲಿ, ಎಕ್ಸ್‌ಪಾನ್ಷನ್ ವಾಲ್ವುಗಳನ್ನೂ ಬದಲಾಯಿಸಬೇಕು. ಉಗುರಿನಲ್ಲಿ ಹೋಗುತ್ತಿದ್ದುದಕ್ಕೆ ಕೊಡಲಿ ತೆಗೆದುಕೊಳ್ಳುವ ಪ್ರಸಂಗ ಬರುವುದು ಹೀಗೆ.

ಸೋರಿಕೆಯೇ ಹೌದೇ?

ಎ.ಸಿ. ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದನ್ನು ಕಂಡು ಗಾಬರಿಯಾಗುವವರುಂಟು. ಅದು ಸೋರಿಕೆಯಲ್ಲ. ಗಾಳಿಯಲ್ಲಿನ ತೇವವು ತಣ್ಣನೆಯ ಕಾಯಿಲಿನ ಮೇಲೆ ಹನಿಗಟ್ಟಿ ಒಂದು ಸಣ್ಣ ಕೊಳವೆಯ ಮೂಲಕ ಹೊರಬೀಳುತ್ತಿರುವುದು, ಬೀಳಬೇಕಾದುದೇ. ಆ ನೀರು ಹೊರಗೆ ಬೀಳದೆ ಮುಂದಿನ ಸೀಟಿನ ಕೆಳಗಿನ ಚಾಪೆಯನ್ನು ತೋಯಿಸಿದರೆ ಕೊಳವೆಗೆ ಕೆಸರೋ ಹೊಟ್ಟೋ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ಅದನ್ನು ಕೆಳಗಿನಿಂದ ಊದಿ ಬಿಡಿಸುವುದಕ್ಕೆ ಹತ್ತು ನಿಮಿಷ ಸಾಕು. ಚಾಪೆ ತೋಯ್ದುದು ಅಂಟಂಟಾಗಿದ್ದು ಸಿಹಿವಾಸನೆ ಬರುತ್ತಿದ್ದರೆ ಅದು ಎಂಜಿನ್ ಕೂಲೆಂಟ್; ಹೀಟರಿನ ದೋಷ, ಎ.ಸಿ.ಯದಲ್ಲ.

ತಂಪು ಕಡಿಮೆಯಾದುದಕ್ಕೆಲ್ಲ ಗ್ಯಾಸೇ ಕಾರಣವೂ ಅಲ್ಲ. ಮೆಕ್ಕೆಜೋಳದ ಒಕ್ಕಣೆಯ ಕಾಲದಲ್ಲಿ ಕಣಗಳ ನಡುವೆ ಓಡಾಡಿದ ವಾಹನದ ಕಂಡೆನ್ಸರನ್ನು ಒಮ್ಮೆ ಬಗ್ಗಿ ನೋಡಿದರೆ ಸಾಕು, ರೆಕ್ಕೆಗಳ ನಡುವೆ ಹೊಟ್ಟು, ಕೆಂಪು ಧೂಳು, ಸತ್ತ ಹುಳುಗಳು ಮೆತ್ತಿಕೊಂಡಿರುವುದು ಕಾಣುತ್ತದೆ. ಗಾಳಿ ನುಗ್ಗದ ಕಂಡೆನ್ಸರ್ ಶಾಖವನ್ನು ಬಿಡಲಾರದು. ಕಡಿಮೆ ಒತ್ತಡದ ನೀರಿನಿಂದ ಅದನ್ನು ತೊಳೆಯುವುದು, ಅದರ ಫ್ಯಾನ್ ತಿರುಗುತ್ತಿದೆಯೇ ಎಂದು ನೋಡುವುದು, ಕಂಪ್ರೆಸರಿನ ಬೆಲ್ಟ್ ಮತ್ತು ಫ್ಯೂಸ್ ಪರೀಕ್ಷಿಸುವುದು, ಇವು ಗೇಜ್ ಜೋಡಿಸುವುದಕ್ಕೆ ಮೊದಲೇ ಆಗಬೇಕಾದ ಕೆಲಸಗಳು. ವಾಹನ ಓಡುವಾಗ ತಂಪಾಗಿದ್ದು ನಿಂತಾಗ ಬಿಸಿಯಾಗುವುದಾದರೆ ಮೊದಲ ಸಂಶಯ ಫ್ಯಾನಿನ ಮೇಲೆಯೇ ಇರಲಿ.

ಮಳೆಗಾಲದ ನಿದ್ದೆ, ಬೇಸಿಗೆಯ ದಂಡ

ಶಿರಾಳಕೊಪ್ಪ, ಸೊರಬದ ಕಡೆಯ ವಾಹನಗಳಿಗೆ ಬಯಲುಸೀಮೆಯ ವಾಹನಗಳಿಗಿಲ್ಲದ ಒಂದು ತೊಂದರೆಯಿದೆ. ಜೂನಿನಿಂದ ಫೆಬ್ರುವರಿಯವರೆಗೆ ಎ.ಸಿ. ಬೇಕೆನಿಸುವುದೇ ಇಲ್ಲ. ಕಂಪ್ರೆಸರಿನ ದಂಡ ಹೊರಬರುವ ಕಡೆ ಇರುವ ಸೀಲು ಎಣ್ಣೆಯ ತೇವವಿದ್ದರೆ ಮಾತ್ರ ಬಿಗಿಯಾಗಿ ಕೂರುತ್ತದೆ. ಎಂಟು ಒಂಬತ್ತು ತಿಂಗಳು ತಿರುಗದೆ ಇದ್ದರೆ ಎಣ್ಣೆ ಕೆಳಗಿಳಿದು, ಸೀಲು ಒಣಗಿ, ಅಂಚಿನಿಂದ ಗ್ಯಾಸ್ ಜಾರತೊಡಗುತ್ತದೆ. ಮಾರ್ಚಿನಲ್ಲಿ ಗೊತ್ತಾಗುವ ಸೋರಿಕೆ ನಿಜವಾಗಿ ನಡೆದಿರುವುದು ಮಳೆಗಾಲದಲ್ಲಿ. ಇದಕ್ಕೆ ಪರಿಹಾರವು ಬಿಟ್ಟಿಯದು: ಮಳೆಗಾಲ ಚಳಿಗಾಲಗಳಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸುವುದು. ಮಳೆಯಲ್ಲಿ ಮುಂದಿನ ಗಾಜಿನ ಒಳಮೈಗೆ ಕಟ್ಟುವ ಮಂಜು ಅದರಿಂದ ಕೂಡಲೇ ಬಿಡುವುದು ಮೇಲಿನ ಲಾಭ. ಘಟ್ಟದ ದಾರಿಯಲ್ಲಿ ಇಳಿಯುವವರಿಗೆ ಇದು ಸಣ್ಣ ವಿಷಯವಲ್ಲ.

ಸೋರುವ ಇತರ ಸ್ಥಳಗಳನ್ನು ಅನುಭವಸ್ಥ ಮೆಕ್ಯಾನಿಕ್ ಒಂದು ಕ್ರಮದಲ್ಲಿ ಹುಡುಕುತ್ತಾನೆ. ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ. ಗ್ಯಾಸ್ ತುಂಬಿಸುವ ಬಾಯಿಯೊಳಗಿನ ಪಿನ್ ಸೈಕಲ್ ಟ್ಯೂಬಿನ ಪಿನ್ನಿನ ಜಾತಿಯದೇ. ಪ್ರತಿ ಬಾರಿ ಗೇಜ್ ಜೋಡಿಸಿ ಬಿಚ್ಚುವಾಗಲೂ ಸವೆಯುತ್ತದೆ, ಧೂಳು ಸಿಕ್ಕಿಕೊಂಡರೆ ಮುಚ್ಚಿಕೊಳ್ಳುವುದಿಲ್ಲ. ಅದರ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಹಳೆಯ ವಾಹನಗಳಲ್ಲಿ ಬಹಳ ಸಲ ಕಳೆದೇ ಹೋಗಿರುತ್ತದೆ. ಆ ಮುಚ್ಚಳ ಅಲಂಕಾರಕ್ಕೆ ಇರುವುದಲ್ಲ, ಒಳಗೆ ರಬ್ಬರ್ ಉಂಗುರವಿರುವ ಎರಡನೆಯ ಬೀಗ. ಬಳಿಕ ಕೊಳವೆಗಳ ಕೂಡುಗಳಲ್ಲಿರುವ ಓ-ರಿಂಗುಗಳು. ಎಂಜಿನ್ನಿನ ಶಾಖಕ್ಕೆ ಹದಿನೈದು ವರ್ಷಗಳಲ್ಲಿ ಅವು ಕಲ್ಲಿನಂತೆ ಗಟ್ಟಿಯಾಗಿ ಚಪ್ಪಟೆಯಾಗಿರುತ್ತವೆ. ಅನಂತರ ರಬ್ಬರ್ ಹೋಸು ಲೋಹದ ತುದಿಗೆ ಕ್ರಿಂಪ್ ಆಗಿರುವ ಜಾಗ. ಧಾನ್ಯದ ಗೋದಾಮಿನ ಬದಿಯಲ್ಲಿ ನಿಲ್ಲುವ ವಾಹನಗಳಲ್ಲಿ ಇಲಿ ಕಡಿದ ಹೋಸು, ವೈರುಗಳೂ ಉಂಟು. ಬಾನೆಟ್ ಎತ್ತಿ ನೋಡಿದರೆ ತಿಳಿಯುತ್ತದೆ. ಹಿಂಬದಿಗೂ ತಂಪು ಕೊಡುವ ದೊಡ್ಡ ವಾಹನಗಳಲ್ಲಿ ಅಡಿಭಾಗದಲ್ಲಿ ಹಿಂದಿನವರೆಗೆ ಹೋಗುವ ಉದ್ದದ ಅಲ್ಯೂಮಿನಿಯಂ ಕೊಳವೆಗಳಿರುತ್ತವೆ. ಕ್ಲಿಪ್ ಸಡಿಲವಾಗಿ ಚಾಸಿಗೆ ಉಜ್ಜಿ ತೂತಾಗುವುದು, ಕೆಸರು ಮೆತ್ತಿ ಸವೆಯುವುದು ಅಲ್ಲಿ ಸಾಮಾನ್ಯ. ಮುಂದಿನ ಕಂಡೆನ್ಸರಿಗೆ ಜಲ್ಲಿಯ ಏಟು ಬೀಳುತ್ತದೆ.

ಕೊನೆಯದು ಕೂಲಿಂಗ್ ಕಾಯಿಲ್. ಹಳೆಯ ವಾಹನಗಳ ಪೈಕಿ ಹಲವಕ್ಕೆ ಒಳಗಾಳಿಯ ಫಿಲ್ಟರೇ ಇರಲಿಲ್ಲ. ಎಲೆಚೂರು, ಧೂಳು ಕಾಯಿಲಿನ ಮೇಲೆ ಕುಳಿತು ಸದಾ ಒದ್ದೆಯಾಗಿದ್ದು ಅಲ್ಯೂಮಿನಿಯಮನ್ನು ತಿನ್ನುತ್ತವೆ. ಇದನ್ನು ಬದಲಾಯಿಸಲು ಹಲವು ಮಾದರಿಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಬಿಡಿಭಾಗದ ಬೆಲೆಗಿಂತ ಕೂಲಿಯೇ ಹೆಚ್ಚಾಗುವುದೂ ಉಂಟು. ಆದುದರಿಂದಲೇ ‘ಕಾಯಿಲ್ ಹೋಗಿದೆ’ ಎಂಬ ತೀರ್ಪನ್ನು ಪುರಾವೆಯಿಲ್ಲದೆ ಒಪ್ಪಬಾರದು.

ಹುಡುಕುವ ಬಗೆ

ಮೊದಲ ಪುರಾವೆ ಎಣ್ಣೆಯ ಕಲೆ. ಗ್ಯಾಸ್ ಕಣ್ಣಿಗೆ ಕಾಣದು, ಜೊತೆಗೆ ಬಂದ ಎಣ್ಣೆಗೆ ಧೂಳು ಅಂಟಿ ಕಪ್ಪು ಕಲೆಯಾಗಿರುತ್ತದೆ. ಟಾರ್ಚ್ ಹಿಡಿದು ಕೂಡುಗಳನ್ನೂ ಕಂಡೆನ್ಸರಿನ ಮೂಲೆಗಳನ್ನೂ ಕಂಪ್ರೆಸರಿನ ಮುಂಭಾಗವನ್ನೂ ನೋಡುವುದಕ್ಕೆ ಯಾವ ಯಂತ್ರವೂ ಬೇಡ. ಬಾನೆಟ್ ಒಳಗೆಲ್ಲ ನೀರು ಹೊಡೆಸಿ ತೊಳೆಸಿದ ಮೇಲೆ ಗ್ಯಾರೇಜಿಗೆ ಒಯ್ಯುವವರು ಈ ಸಾಕ್ಷ್ಯವನ್ನು ತಾವೇ ಅಳಿಸಿಹಾಕಿರುತ್ತಾರೆ.

ಸಾಬೂನಿನ ನೊರೆ ದೊಡ್ಡ ಸೋರಿಕೆಯನ್ನು ತೋರಿಸುತ್ತದೆ, ವರ್ಷಕ್ಕೆ ನೂರಿನ್ನೂರು ಗ್ರಾಂ ಹೋಗುವ ಸಣ್ಣದನ್ನು ತೋರಿಸಲಾರದು. ಅದಕ್ಕೆ ಎಲೆಕ್ಟ್ರಾನಿಕ್ ಸೂಚಕವಿದೆ. ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ಅದರ ಮೂತಿಯನ್ನು ಕೂಡಿನ ಕೆಳಗೆ ಹಿಡಿಯಬೇಕು. ಕಾಯಿಲಿನ ಪರೀಕ್ಷೆಗೆ ನೀರು ಹೊರಬೀಳುವ ಕೊಳವೆಯ ಬಾಯಿಯಲ್ಲಿ ಹಿಡಿಯುವುದು ರೂಢಿ. ಇನ್ನೊಂದು ಉಪಾಯ ಎಣ್ಣೆಯಲ್ಲಿ ಬಣ್ಣ ಬೆರೆಸುವುದು. ಕೆಲವು ದಿನ ವಾಹನ ಓಡಿಸಿ ನೇರಳಾತೀತ ದೀಪದಲ್ಲಿ ನೋಡಿದರೆ ಸೋರಿದ ಕಡೆ ಹಸಿರುಹಳದಿಯಾಗಿ ಹೊಳೆಯುತ್ತದೆ. ಪೂರ್ಣ ಖಾಲಿಯಾದ ವಾಹನಕ್ಕಾದರೆ ಒಣ ನೈಟ್ರೋಜನ್ ತುಂಬಿ ಒತ್ತಡ ಇಳಿಯುವುದನ್ನು ನೋಡುವುದೇ ಉತ್ತಮ ಕ್ರಮ. ನೈಟ್ರೋಜನ್ ಇಲ್ಲವೆಂದು ಟೈರಿಗೆ ಹೊಡೆಯುವ ಗಾಳಿಯನ್ನು ಬಿಡುವುದು ಕೂಡದು. ಅದರಲ್ಲಿ ನೀರಿನ ಅಂಶವಿರುತ್ತದೆ. ವೆಲ್ಡಿಂಗಿನ ಆಮ್ಲಜನಕವನ್ನಂತೂ ಬಿಡಲೇಬಾರದು. ಒತ್ತಡದಲ್ಲಿ ಆಮ್ಲಜನಕ ಮತ್ತು ಎಣ್ಣೆ ಸೇರಿದರೆ ಸ್ಫೋಟವಾಗುತ್ತದೆ.

ವ್ಯಾಕ್ಯೂಮ್ ಮಾಡಿ ಮುಳ್ಳು ನಿಂತಿತು, ಆದುದರಿಂದ ಸೋರಿಕೆಯಿಲ್ಲ ಎನ್ನುವ ವಾದವೂ ಕೇಳಿಬರುತ್ತದೆ. ಇದು ಅರ್ಧ ಸತ್ಯ. ವ್ಯಾಕ್ಯೂಮಿನಲ್ಲಿ ಒಳಗೂ ಹೊರಗೂ ಇರುವ ಅಂತರ ಒಂದು ವಾತಾವರಣದ ಒತ್ತಡದಷ್ಟು ಮಾತ್ರ, ಅದೂ ಹೊರಗಿನಿಂದ ಒಳಕ್ಕೆ. ಓಡುವಾಗ ಕಂಡೆನ್ಸರಿನ ಒತ್ತಡ ಅದರ ಹತ್ತು ಹದಿನೈದು ಪಟ್ಟು, ಒಳಗಿನಿಂದ ಹೊರಕ್ಕೆ. ಮೊದಲನೆಯದನ್ನು ತಡೆದ ಸೀಲು ಎರಡನೆಯದನ್ನು ತಡೆಯಬೇಕೆಂದಿಲ್ಲ.

ತೂಕವೇ ಪ್ರಮಾಣ

ಅಡುಗೆಮನೆಯ ಸಿಲಿಂಡರಿನಲ್ಲಿ ಎಷ್ಟು ಗ್ಯಾಸ್ ಉಳಿದಿದೆ ಎಂಬುದನ್ನು ಉರಿಯ ರಭಸ ನೋಡಿ ಹೇಳಲಾಗದು. ಕೊನೆಯ ಕಿಲೋವರೆಗೂ ಉರಿ ಹೆಚ್ಚು ಕಡಿಮೆ ಒಂದೇ ತೆರನಾಗಿರುತ್ತದೆ, 14.2 ಕಿಲೋ ಇದೆಯೇ ಎಂದು ತಿಳಿಯಲು ತಕ್ಕಡಿಯೇ ಬೇಕು. ಕಾರಿನ ಗ್ಯಾಸೂ ಹಾಗೆಯೇ. ನಿಂತ ವಾಹನದಲ್ಲಿ 30 ಡಿಗ್ರಿ ಉಷ್ಣತೆಗೆ ಆರ್-134ಎ ಸುಮಾರು 95ರಿಂದ 100 ಪಿ.ಎಸ್.ಐ. ಒತ್ತಡ ತೋರಿಸುತ್ತದೆ. ಒಳಗೆ ದ್ರವರೂಪದಲ್ಲಿ ಸ್ವಲ್ಪವೇ ಉಳಿದಿದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಗೇಜಿನ ಮುಳ್ಳನ್ನು ತೋರಿಸಿ ‘ಫುಲ್ ಆಗಿದೆ’ ಎನ್ನುವ ಮಾತಿಗೆ ಆದುದರಿಂದ ಬೆಲೆಯಿಲ್ಲ. ಎಷ್ಟು ಗ್ರಾಂ ಬೇಕು ಎಂಬುದನ್ನು ತಯಾರಕರು ಬಾನೆಟ್ಟಿನ ಒಳಮೈಯ ಚೀಟಿಯಲ್ಲೋ ಕೈಪಿಡಿಯಲ್ಲೋ ನಮೂದಿಸಿರುತ್ತಾರೆ. ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ಅಷ್ಟನ್ನೇ ತುಂಬುವ ಗ್ಯಾರೇಜು ಹತ್ತು ಕಿ.ಮೀ. ದೂರವಿದ್ದರೂ ಹೋಗುವುದು ಲೇಸು. ಹೆಚ್ಚು ತುಂಬಿದರೂ ಕೇಡೇ; ಒತ್ತಡ ಮೀರಿ, ತಂಪು ಕುಗ್ಗಿ, ಕಂಪ್ರೆಸರಿಗೆ ಪೆಟ್ಟು ಬೀಳುತ್ತದೆ. ತೂಕವಿಲ್ಲದೆ ಮಾಲು ಕೊಳ್ಳದ ಮೆಕ್ಕೆಜೋಳದ ವ್ಯಾಪಾರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿರಲಾರದು.

ಒಳಗೆ ಈಗಾಗಲೇ ಎಷ್ಟು ಇದೆ ಎಂಬುದು ತಿಳಿಯದಿರುವಾಗ ಮೇಲಿನಿಂದ ಒಂದಿಷ್ಟು ಸೇರಿಸುವುದು ಊಹೆಯ ಕೆಲಸ. ಉಳಿದುದನ್ನು ಯಂತ್ರದಿಂದ ಹೊರತೆಗೆದು, ಸೋರುವ ಕಡೆ ದುರಸ್ತಿ ಮಾಡಿ, ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು, ಹೋದಷ್ಟು ಎಣ್ಣೆ ಸೇರಿಸಿ, ತೂಕದಂತೆ ತುಂಬುವುದು ಸರಿಯಾದ ಕ್ರಮ. ವ್ಯಾಕ್ಯೂಮ್ ಎಳೆಯುವುದು ಗಾಳಿ ತೆಗೆಯಲು ಮಾತ್ರವಲ್ಲ. ಅಷ್ಟು ಕಡಿಮೆ ಒತ್ತಡದಲ್ಲಿ ಒಳಗಿನ ನೀರಿನ ಅಂಶ ಸಾಮಾನ್ಯ ಉಷ್ಣತೆಯಲ್ಲಿಯೇ ಕುದಿದು ಹೊರಬರುತ್ತದೆ. ಈ ಗ್ಯಾಸಿನೊಡನೆ ಬಳಸುವ ಎಣ್ಣೆ ತೇವವನ್ನು ಹೀರುವ ಗುಣದ್ದು. ಒಳಗುಳಿದ ನೀರು ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಹೆಪ್ಪುಗಟ್ಟುತ್ತದೆ, ಎಣ್ಣೆ ಗ್ಯಾಸುಗಳೊಡನೆ ಸೇರಿ ಆಮ್ಲವಾಗಿ ಕಾಯಿಲನ್ನು ಒಳಗಿನಿಂದ ತಿನ್ನುತ್ತದೆ. ವಾಹನದ ಎ.ಸಿ. ಬಹುಕಾಲ ತೆರೆದುಕೊಂಡೇ ಇದ್ದರೆ ಡ್ರೈಯರ್ ಬಾಟಲಿಯನ್ನು ಬದಲಾಯಿಸಲೇಬೇಕು. ಐದು ನಿಮಿಷದ ವ್ಯಾಕ್ಯೂಮಿನಿಂದ ಉಳಿಯುವ ಸಮಯ ಗ್ಯಾರೇಜಿನದು, ನಷ್ಟ ವಾಹನದ ಯಜಮಾನನದು.

ಅಡ್ಡದಾರಿಗಳು

ಗ್ಯಾಸ್ ಬಹಳ ಕಡಿಮೆಯಾದಾಗ ಕಂಪ್ರೆಸರ್ ತಿರುಗದಂತೆ ತಡೆಯಲು ಒಂದು ಪ್ರೆಷರ್ ಸ್ವಿಚ್ಚನ್ನು ಇಟ್ಟಿರುತ್ತಾರೆ. ಅದರ ಎರಡು ವೈರುಗಳನ್ನು ಕೂಡಿಸಿ ‘ಡೈರೆಕ್ಟ್’ ಮಾಡಿಕೊಡುವ ರೂಢಿಯಿದೆ. ಕಂಪ್ರೆಸರ್ ತಿರುಗುತ್ತದೆ, ಒಂದಿಷ್ಟು ತಂಪೂ ಬರಬಹುದು. ಅದರ ಜೊತೆಗೆ ಮೇಲೆ ಹೇಳಿದ ಸೀಜ್ ಆಗುವ ದಿನವೂ ಹತ್ತಿರವಾಗುತ್ತದೆ. ಹಳೆಯ ವಾಹನ ಕೊಳ್ಳುವವರು ಈ ವೈರನ್ನು ಮೊದಲು ನೋಡಬೇಕು.

ತೂತನ್ನು ತಾನೇ ಮುಚ್ಚುತ್ತದೆಂದು ಗ್ಯಾಸಿನೊಡನೆ ತುಂಬಿಸುವ ದ್ರವಗಳೂ ಮಾರುಕಟ್ಟೆಯಲ್ಲಿವೆ. ಗಾಳಿ, ತೇವ ತಾಗಿದಾಗ ಗಟ್ಟಿಯಾಗುವ ಇಂತಹ ದ್ರವ ಸೋರಿಕೆಯ ಬಾಯಿಯಲ್ಲಿಯೇ ಗಟ್ಟಿಯಾಗುತ್ತದೆ ಎಂಬ ಖಾತರಿಯಿಲ್ಲ. ಒಳಗೆ ತೇವವಿದ್ದರೆ ವಾಲ್ವಿನಲ್ಲಿಯೂ ಗಟ್ಟಿಯಾದೀತು, ಗ್ಯಾರೇಜಿನ ಯಂತ್ರದೊಳಗೂ ಸೇರೀತು. ಕಂಡೆನ್ಸರಿನ ತೂತಿಗೆ ಬೆರೆಸಿ ಹಚ್ಚುವ ಅಂಟು ಓಡುವ ವಾಹನದ ಒತ್ತಡ ಮತ್ತು ಅದುರಾಟಕ್ಕೆ ಬಹಳ ದಿನ ನಿಲ್ಲುವುದಿಲ್ಲ. ಗ್ಯಾಸ್ ಉಳಿದಿರುವಾಗಲೇ ಬೆಂಕಿ ಹಿಡಿದು ಬೆಸುಗೆ ಹಾಕುವುದಂತೂ ಮೆಕ್ಯಾನಿಕ್ಕನ ಜೀವಕ್ಕೇ ಅಪಾಯ. ಜ್ವಾಲೆ ತಾಗಿದ ಆರ್-134ಎ ವಿಷಾನಿಲವಾಗಿ ಒಡೆಯುತ್ತದೆ.

ಅಗ್ಗದ ಸಿಲಿಂಡರುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಡುಗೆ ಅನಿಲದ ಜಾತಿಯ ಗ್ಯಾಸನ್ನು ತುಂಬಿದರೆ ತಂಪು ಬರುವುದು ನಿಜ. ಆದರೆ ಡ್ಯಾಶ್‌ಬೋರ್ಡಿನೊಳಗಿನ ಕಾಯಿಲ್ ಸೋರಿದರೆ ಬೆಂಕಿ ಹೊತ್ತುವ ಅನಿಲ ಕುಳಿತವರ ಕಾಲಬುಡದಲ್ಲಿ ಸೇರುತ್ತದೆ. ಕಲಬೆರಕೆಯ ಪರಿಣಾಮವನ್ನು ಜಗತ್ತು 2011ರಲ್ಲಿ ಕಂಡಿತು. ಆರ್-134ಎ ಎಂದು ಮಾರಿದ ಗ್ಯಾಸಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿದ್ದು, ಅದು ಅಲ್ಯೂಮಿನಿಯಂ ಜೊತೆ ವರ್ತಿಸಿ ಗಾಳಿ ತಾಗಿದೊಡನೆ ಹೊತ್ತಿಕೊಳ್ಳುವ ವಸ್ತುವಾಗಿ, ಹಡಗಿನ ಶೀತಲ ಕಂಟೇನರುಗಳು ಸ್ಫೋಟಗೊಂಡವು. ವಿಯೆಟ್ನಾಂ ಮತ್ತು ಬ್ರೆಜಿಲುಗಳಲ್ಲಿ ಕೆಲಸಗಾರರು ಸತ್ತರು. ಹೆಸರು ಗೊತ್ತಿರುವ ತಯಾರಕರ ಗ್ಯಾಸನ್ನು ಬಿಲ್ಲಿನೊಡನೆ ಕೊಳ್ಳುವುದರಿಂದ ಆಗುವ ಹೆಚ್ಚಿನ ಖರ್ಚು ಅಲ್ಪ.

ಇನ್ನೂ ಹಳೆಯ ವಾಹನಗಳು

ಕೆಲವರು ಪ್ರೀತಿಯಿಂದ ಉಳಿಸಿಕೊಂಡಿರುವ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ವಾಹನಗಳ ಸಮಸ್ಯೆ ಬೇರೆ. ಅವುಗಳ ಎ.ಸಿ.ಯಲ್ಲಿದ್ದುದು ಆರ್-12. ಓಜೋನ್ ಪದರವನ್ನು ಹಾಳುಗೆಡಹುವ ಈ ಗ್ಯಾಸನ್ನು ತೊಲಗಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದನ್ನು ಸೇರಿತು. 2000ದ ನಿಯಮಗಳಂತೆ 2003ರ ಜನವರಿ 1ರಿಂದ ಹೊಸ ವಾಹನ ಎ.ಸಿ.ಗಳ ತಯಾರಿಕೆಯಲ್ಲಿ ಅದರ ಬಳಕೆ ನಿಂತಿತು, 2008ರ ಆಗಸ್ಟಿನಲ್ಲಿ ದೇಶದಲ್ಲಿ ಅದರ ಉತ್ಪಾದನೆಯೇ ನಿಂತಿತು. ಅಂತಹ ವಾಹನಕ್ಕೆ ಆರ್-134ಎಯನ್ನು ಸುಮ್ಮನೆ ತುಂಬಿಬಿಟ್ಟರೆ ಸಾಲದು. ಹಳೆಯ ಖನಿಜ ಎಣ್ಣೆ ಹೊಸ ಗ್ಯಾಸಿನೊಡನೆ ಬೆರೆಯದೆ ಅಲ್ಲಲ್ಲಿಯೇ ನಿಂತು ಕಂಪ್ರೆಸರ್ ಒಣಗುತ್ತದೆ. ಎಣ್ಣೆ, ಓ-ರಿಂಗುಗಳು, ಡ್ರೈಯರ್ ಬಾಟಲಿ, ತುಂಬುವ ಬಾಯಿಗಳು ಬದಲಾಗಬೇಕು; ಗ್ಯಾಸಿನ ತೂಕ ಮೊದಲಿನದಕ್ಕಿಂತ ಒಂದಷ್ಟು ಕಡಿಮೆಯಿರಬೇಕು. ಇಷ್ಟಾದ ಮೇಲೂ ತಂಪು ಮೊದಲಿಗಿಂತ ಕೊಂಚ ಕಡಿಮೆಯೇ. ವಾಹನದ ಮೇಲಿನ ಅಭಿಮಾನವೊಂದೇ ಈ ಖರ್ಚನ್ನು ಸಮರ್ಥಿಸಬಲ್ಲುದು.

ದುರಸ್ತಿಯೋ, ಕಿಟಕಿ ತೆರೆಯುವುದೋ?

ಲೆಕ್ಕಕ್ಕೆಂದು ಒಂದು ಬಾರಿ ಗ್ಯಾಸ್ ತುಂಬಲು 2,000 ರೂ. ಎಂದು ಇಟ್ಟುಕೊಳ್ಳೋಣ. ವರ್ಷಕ್ಕೊಮ್ಮೆಯಂತೆ ಐದು ವರ್ಷಕ್ಕೆ 10,000 ರೂ. ಆಯಿತು, ಕಂಪ್ರೆಸರಿನ ಸವಕಳಿ ಬೇರೆ. ಓ-ರಿಂಗ್, ಪಿನ್, ಹೋಸುಗಳ ದುರಸ್ತಿ ಇದರೊಳಗೆ ಮುಗಿಯುವಂಥದು; ಅವನ್ನು ಮುಂದೂಡುವುದರಲ್ಲಿ ಅರ್ಥವಿಲ್ಲ. ಕಂಡೆನ್ಸರ್ ಕೂಡ ಬಹುತೇಕ ಲಾಭದ ದುರಸ್ತಿಯೇ. ಕೂಲಿಂಗ್ ಕಾಯಿಲ್ ಅಥವಾ ಕಂಪ್ರೆಸರಿನ ಮಾತು ಬಂದಾಗ ಮಾತ್ರ ವಾಹನದ ಆಯುಷ್ಯವನ್ನು ನೋಡಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ತಪಾಸಣೆಯ ಬಳಿಕ ಐದೈದು ವರ್ಷಕ್ಕೆ ನವೀಕರಣಗೊಳ್ಳುತ್ತದೆ. ನವೀಕರಣಕ್ಕೆ ಆರು ತಿಂಗಳಿರುವಾಗ ಡ್ಯಾಶ್‌ಬೋರ್ಡ್ ಬಿಚ್ಚಿಸುವ ಮೊದಲು, ವಾಹನವನ್ನು ಇನ್ನೂ ಐದು ವರ್ಷ ಇಟ್ಟುಕೊಳ್ಳುವ ಮನಸ್ಸಿದೆಯೇ ಎಂಬುದು ತೀರ್ಮಾನವಾಗಲಿ. ಇಲ್ಲವೆಂದಾದರೆ ಪ್ರತಿ ವರ್ಷ ಗ್ಯಾಸ್ ತುಂಬಿಸುವ ಬದಲು ಎ.ಸಿ.ಯನ್ನು ಮುಟ್ಟದೆ ಬಿಡುವುದೇ ಪ್ರಾಮಾಣಿಕ ಲೆಕ್ಕ. ಹೊಳೆಯಲ್ಲಿ ಹುಣಸೆಹಣ್ಣು ಕದಡುವುದರಿಂದ ಹೊಳೆ ಹುಳಿಯಾಗುವುದಿಲ್ಲ.

ಬಿಲ್ಲಿನ ವಿಷಯದಲ್ಲಿ ಒಂದು ಮಾತು. ಚಾಲಕನೂ ಸೇರಿ 13 ಜನರವರೆಗಿನ ಆಸನಗಳ ಪ್ರಯಾಣಿಕ ವಾಹನ ಸಂಸ್ಥೆಯ ಹೆಸರಿನಲ್ಲಿದ್ದರೂ, ಅದರ ದುರಸ್ತಿ ಸೇವೆಗೆ ತೆತ್ತ ಜಿ.ಎಸ್.ಟಿ.ಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಸರಕು ಸಾಗಿಸುವ ವಾಹನಕ್ಕೆ ಈ ನಿರ್ಬಂಧವಿಲ್ಲ. ಲಾರಿ, ಟೆಂಪೋಗಳ ಎ.ಸಿ. ಕೆಲಸಕ್ಕೆ ತೆರಿಗೆ ಬಿಲ್ ಪಡೆಯದೆ ಬರುವ ವರ್ತಕ ಜಮೆಯನ್ನು ಕಳೆದುಕೊಳ್ಳುತ್ತಾನೆ.

ಬರಲಿರುವ ವ್ಯಾಪಾರ

ಲಾರಿಗಳ ಪ್ರಸ್ತಾಪ ಇಲ್ಲಿ ಸುಮ್ಮನೆ ಬಂದುದಲ್ಲ. ಕೇಂದ್ರ ಸರ್ಕಾರದ 2023ರ ಡಿಸೆಂಬರಿನ ಅಧಿಸೂಚನೆಯಂತೆ, 2025ರ ಅಕ್ಟೋಬರ್ 1ರ ಬಳಿಕ ತಯಾರಾಗುವ ಮೂರೂವರೆ ಟನ್ನಿಗೆ ಮೇಲ್ಪಟ್ಟ ಸರಕು ವಾಹನಗಳ ಚಾಲಕರ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ಈಚೆಗೆ ಕೊಂಡ ಲಾರಿಗಳು ಇನ್ನು ಏಳೆಂಟು ವರ್ಷಗಳಲ್ಲಿ ಹಳೆಯ ಲಾರಿಗಳಾಗುತ್ತವೆ. ಧೂಳು, ಅದುರಾಟಗಳ ನಡುವೆ ದುಡಿದ ಅವುಗಳ ಕೂಡುಗಳೂ ಸೋರತೊಡಗುತ್ತವೆ. ಇದೇ ಅವಧಿಯಲ್ಲಿ ಗ್ಯಾಸಿನ ಪೂರೈಕೆಗೂ ಮಿತಿ ಬೀಳಲಿದೆ. ಆರ್-134ಎ ಓಜೋನ್ ಪದರಕ್ಕೆ ನಿರುಪದ್ರವಿಯಾದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 1,430 ಪಟ್ಟು ಪ್ರಬಲ. ಒಂದು ಕಾರಿನ ಅರ್ಧ ಕಿಲೋ ಗ್ಯಾಸ್ ಗಾಳಿಗೆ ಹೋದರೆ ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟಷ್ಟಾಯಿತು. 2016ರ ಕಿಗಾಲಿ ತಿದ್ದುಪಡಿಯನ್ನು 2021ರಲ್ಲಿ ಅಂಗೀಕರಿಸಿದ ಭಾರತವು ಈ ವರ್ಗದ ಗ್ಯಾಸುಗಳ ಬಳಕೆಯನ್ನು 2028ರಲ್ಲಿ ಹೆಚ್ಚದಂತೆ ನಿಲ್ಲಿಸಿ, 2032ರಿಂದ ಹಂತಹಂತವಾಗಿ ಇಳಿಸುತ್ತ, 2047ಕ್ಕೆ ಶೇ. 85ರಷ್ಟು ತಗ್ಗಿಸಬೇಕಾಗಿದೆ. ಆರ್-12ರ ಕಥೆಯನ್ನು ಬಲ್ಲವರಿಗೆ ಮುಂದಿನ ದಿನಗಳಲ್ಲಿ ಗ್ಯಾಸಿನ ಬೆಲೆ ಯಾವ ಕಡೆಗೆ ಹೋದೀತೆಂದು ಊಹಿಸುವುದು ಕಷ್ಟವಲ್ಲ.

ಸಣ್ಣ ಉದ್ದಿಮೆದಾರರಿಗೆ ಇಲ್ಲಿ ಒಂದು ಅವಕಾಶವಿದೆ. ಟ್ರ್ಯಾಕ್ಟರ್, ಜೆ.ಸಿ.ಬಿ.ಗಳ ಹೈಡ್ರಾಲಿಕ್ ಹೋಸುಗಳನ್ನು ಕ್ರಿಂಪ್ ಮಾಡಿಕೊಡುವ ಅಂಗಡಿಗಳು ತಾಲ್ಲೂಕು ಕೇಂದ್ರಗಳಲ್ಲಿಯೂ ಕಾಣಸಿಗುತ್ತವೆ. ಅದೇ ಕೈಗಳಿಗೆ ಎ.ಸಿ. ಹೋಸಿನ ಕೆಲಸ ಅಪರಿಚಿತವಲ್ಲ. ಹೈಡ್ರಾಲಿಕ್ ಹೋಸನ್ನೇ ಹಾಕದೆ, ಒಳಪದರದಲ್ಲಿ ನೈಲಾನ್ ಇರುವ ಎ.ಸಿ. ಹೋಸನ್ನು ತರಿಸಿ, ಅದಕ್ಕೆ ತಕ್ಕ ಅಚ್ಚುಗಳನ್ನು ಇಟ್ಟುಕೊಳ್ಳಬೇಕು. ಹಳೆಯ ಲೋಹದ ತುದಿಗಳನ್ನು ಉಳಿಸಿಕೊಂಡು ಹೋಸು ಮಾತ್ರ ಬದಲಾಯಿಸಿಕೊಡುವುದರಿಂದ, ತಯಾರಿಕೆ ನಿಂತುಹೋದ ಮಾದರಿಗಳಿಗೂ ಬಿಡಿಭಾಗ ದೊರೆತಂತಾಗುತ್ತದೆ. ಇದರ ಜೊತೆಗೆ ನೈಟ್ರೋಜನ್ ಸಿಲಿಂಡರ್, ವ್ಯಾಕ್ಯೂಮ್ ಪಂಪ್, ತಕ್ಕಡಿ, ಎಲೆಕ್ಟ್ರಾನಿಕ್ ಸೂಚಕ, ಉಳಿದ ಗ್ಯಾಸನ್ನು ಹಿಂಪಡೆಯುವ ಯಂತ್ರ ಇರುವ ಒಂದು ಕೆಲಸದ ಕೋಣೆ ಶಿರಾಳಕೊಪ್ಪದಂತಹ ಕೂಡುರಸ್ತೆಯ ಊರಿನಲ್ಲಿ ಎರಡು ತಾಲ್ಲೂಕುಗಳ ವಾಹನಗಳಿಗೆ ಸಾಕಾದೀತು. ಅಂತಹ ಕೋಣೆಯಲ್ಲಿ ದುರಸ್ತಿಯಾದ ವಾಹನದ ಬಾನೆಟ್ಟಿನೊಳಗೆ ದಿನಾಂಕ, ಗ್ಯಾಸಿನ ಹೆಸರು, ತುಂಬಿದ ತೂಕ, ಸೇರಿಸಿದ ಎಣ್ಣೆಯ ಪ್ರಮಾಣ, ಸೋರಿಕೆ ಸಿಕ್ಕ ಜಾಗ ಇಷ್ಟನ್ನು ಬರೆದ ಒಂದು ಚೀಟಿ ಅಂಟಿರಬೇಕು. ಮುಂದಿನ ಬಾರಿ ಯಾವ ಊರಿನ ಮೆಕ್ಯಾನಿಕ್ ಬಾನೆಟ್ ಎತ್ತಿದರೂ ಹುಡುಕಾಟ ಅಲ್ಲಿಂದಲೇ ಆರಂಭವಾಗುತ್ತದೆ.